ಹೈದರನ ಬದುಕನ್ನು ಬರೆದವರು

ಹೈದರ್ ಅಲಿಯ ಬಗ್ಗೆ ಮೊದಮೊದಲು ಅಚ್ಚಾದ ಪುಸ್ತಕಗಳಲ್ಲಿ ಒಂದನ್ನು ನಂಬುವುದಾದರೆ ಅವನು ಹುಟ್ಟಿದ್ದು ದೇವನಹಳ್ಳಿಯಲ್ಲಿ. 1783ರಲ್ಲಿ ಪ್ಯಾರಿಸ್ಸಿನಲ್ಲಿ ಹೊರಬಂದ ಆ ಪುಸ್ತಕವನ್ನು ಬರೆದವನು ಹೈದರನ ಫಿರಂಗಿ ಪಡೆಯಲ್ಲಿದ್ದ ಫ್ರೆಂಚ್ ಅಧಿಕಾರಿ ಮೈಸ್ತ್ರ್ ದ ಲಾ ತೂರ್. ಕೋಲಾರಕ್ಕೂ ಹೊಸಕೋಟೆಗೂ ನಡುವಿನ 'ದಿವನೆಲ್ಲಿ' ಎಂಬ ಸಣ್ಣ ಕೋಟೆಯಲ್ಲಿ ಹುಟ್ಟಿದ ಎನ್ನುತ್ತಾನೆ. ಊರು ಅಲ್ಲಿಲ್ಲ, ಅಪ್ಪನ ಹೆಸರೂ ತಪ್ಪು. ಹೈದರ್ ಹುಟ್ಟಿದ್ದು ಕೋಲಾರ ಸೀಮೆಯ ಬೂದಿಕೋಟೆಯಲ್ಲಿ, ಅಪ್ಪ ಫತೇ ಮಹಮದ್. ದೇವನಹಳ್ಳಿಯಲ್ಲಿ ಹುಟ್ಟಿದವನು ಮಗ ಟಿಪ್ಪು. ಒಡೆಯನ ಪಕ್ಕದಲ್ಲೇ ಇದ್ದವನು ಹೀಗೆ ಎಡವಿದನೆಂದರೆ ಉಳಿದವರ ಮಾತೇನು?

ರೋಮಿನ ಜೂಲಿಯಸ್ ಸೀಸರ್ ತನ್ನ ಯುದ್ಧಗಳ ಕಥೆಯನ್ನು ತಾನೇ ಬರೆದಿಟ್ಟು ಹೋದ. ಹೈದರನಿಗೆ ಓದುಬರಹ ಬರುತ್ತಿರಲಿಲ್ಲ. ತನ್ನ ಹೆಸರಿನ ಮೊದಲ ಅಕ್ಷರ ಒಂದನ್ನೇ, ಅದನ್ನೂ ತಲೆಕೆಳಗಾಗಿ, ಗೀಚಿ ಸಹಿ ಹಾಕುತ್ತಿದ್ದನಂತೆ. ಹಾಗಾಗಿ ಅವನ ಬದುಕು ಪೂರ್ತಿ ಬೇರೆಯವರ ಕೈಗೆ ಬಿತ್ತು.

ಆ ಕೈಗಳಲ್ಲಿ ದೊಡ್ಡದು ಮಾರ್ಕ್ ವಿಲ್ಕ್ಸ್‌ನದು. ಟಿಪ್ಪು ಸತ್ತ ಕೆಲವೇ ವರ್ಷಕ್ಕೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಈ ಈಸ್ಟ್ ಇಂಡಿಯಾ ಕಂಪನಿ ಅಧಿಕಾರಿಗೆ ಹೈದರನ ಕಾಲ ಕಂಡ ಮುದುಕರು ಸಿಕ್ಕರು. 1810ರಿಂದ 1817ರ ನಡುವೆ ಅವನ ಮೈಸೂರು ಚರಿತ್ರೆಯ ಮೂರು ಸಂಪುಟ ಅಚ್ಚಾದವು. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದಂಥ ನಮ್ಮ ಊರುಗಳು ಜೀವ ತಳೆದು ಬರುವುದು ಅವುಗಳಲ್ಲಿ. ಫತೇ ಮಹಮದ್ ಸತ್ತ ಮೇಲೆ ದೊಡ್ಡಬಳ್ಳಾಪುರದ ಜಹಗೀರುದಾರ ಅಬ್ಬಾಸ್ ಕುಲಿ ಖಾನ್ ಆ ಸಂಸಾರದ ಆಸ್ತಿ ಕಿತ್ತುಕೊಳ್ಳುತ್ತಾನೆ. ಹಣಕ್ಕಾಗಿ ಪುಟ್ಟ ಹುಡುಗರಾದ ಅಣ್ಣ ಶಹಬಾಜ್, ತಮ್ಮ ಹೈದರರನ್ನು ನಗಾರಿಯೊಳಗೆ ಕೂರಿಸಿ ಚರ್ಮ ಬಿಗಿಸಿ ಹಿಂಸಿಸುತ್ತಾನೆ. 1749ರಲ್ಲಿ ಮೈಸೂರು ಸೇನೆ ದೇವನಹಳ್ಳಿಗೆ ಮುತ್ತಿಗೆ ಹಾಕುತ್ತದೆ, ಒಂಬತ್ತು ತಿಂಗಳು ಎಳೆಯುತ್ತದೆ. ಅಣ್ಣನ ದಳದಲ್ಲಿದ್ದ ಹೈದರನ ಎದೆಗಾರಿಕೆ ಮೈಸೂರಿನ ಸರ್ವಾಧಿಕಾರಿ ನಂಜರಾಜಯ್ಯನ ಕಣ್ಣಿಗೆ ಬೀಳುತ್ತದೆ. ಐವತ್ತು ಕುದುರೆ, ಇನ್ನೂರು ಕಾಲಾಳು ಅವನ ಕೈಗೆ ಬರುತ್ತವೆ. 1761ರಲ್ಲಿ ಹೊಸಕೋಟೆಗೆ ಮುತ್ತಿಗೆ ಹಾಕಿ ಕೂತಿದ್ದ, ನಿಜಾಮನ ಸೋದರ ಬಸಾಲತ್ ಜಂಗನಿಂದ ಸಿರಾದ ನವಾಬಗಿರಿ ದಕ್ಕುತ್ತದೆ. ಆಮೇಲೆ ದೊಡ್ಡಬಳ್ಳಾಪುರದ ಸರದಿ. ಅಬ್ಬಾಸ್ ಕುಲಿ ಮದರಾಸಿಗೆ ಓಡಿಹೋದ. 1769ರಲ್ಲಿ ಹೈದರ್ ಮದರಾಸಿನ ಬಾಗಿಲಿಗೇ ಬಂದಾಗ ಹಡಗು ಹತ್ತಿ ಕೂತವನು, ಹೈದರ್ ಹಿಂದಿರುಗುವವರೆಗೂ ನೆಲಕ್ಕೆ ಕಾಲಿಡಲಿಲ್ಲವಂತೆ.

ಕಥೆ ಚೆನ್ನಾಗಿದೆ. ತುಸು ಹೆಚ್ಚೇ ಚೆನ್ನಾಗಿದೆ ಎಂದು ನನ್ನ ಅನುಮಾನ: ನಗಾರಿಯ ಹುಡುಗ ಸೇಡು ತೀರಿಸಿಕೊಳ್ಳುವುದು ಲಾವಣಿಕಾರನಿಗೆ ಒಗ್ಗುವ ಕಟ್ಟು. ಹೈದರನನ್ನು ಸಿಂಹಾಸನ ಕಸಿದವನೆಂದು ತೋರಿಸುವ ದರ್ದೂ ಕಂಪನಿಯ ನೌಕರನಿಗಿತ್ತು. ಆದರೂ ವಿಲ್ಕ್ಸ್‌ನನ್ನು ಬಿಟ್ಟು ಮುಂದೆ ಹೋಗಲು ಇಂದಿಗೂ ಯಾರಿಗೂ ಸಾಧ್ಯವಿಲ್ಲ. ಅವನಿಗೆ ಎದುರು ನಿಂತದ್ದು ಹೈದರ್–ಟಿಪ್ಪು ಆಸ್ಥಾನದ ಕಡೆಯ ಕಿರ್ಮಾನಿಯ ಪಾರ್ಸಿ ಚರಿತ್ರೆ. 1842ರಲ್ಲಿ ಇಂಗ್ಲಿಷಿಗೆ ಬಂದ ಅದರಲ್ಲಿ ಹೊಗಳಿಕೆ ಜಾಸ್ತಿ, ಇಸವಿಗಳು ಸಡಿಲ. ಮೈಸೂರಿನ ಕಮಿಷನರ್ ಆಗಿದ್ದ ಬೌರಿಂಗ್‌ನ 1893ರ ಪುಸ್ತಕ ಹಳೆಯದನ್ನೇ ಅಡಕಮಾಡಿ ಕೊಟ್ಟಿತು.

ತಮಾಷೆಯೆಂದರೆ, ಹೈದರ್ 1782ರ ಡಿಸೆಂಬರಿನಲ್ಲಿ ಸತ್ತ ಎರಡೇ ವರ್ಷಕ್ಕೆ, 1784ರಲ್ಲಿ, ಕನ್ನಡದಲ್ಲಿ 'ಹೈದರ್ ನಾಮೆ' ಬರೆದಾಗಿತ್ತು. ಮೈಸೂರು ಪುರಾತತ್ವ ಇಲಾಖೆ ಅದನ್ನು ಬೆಳಕಿಗೆ ತಂದದ್ದು 1930ರ ವರದಿಯಲ್ಲಿ. ಪ್ಯಾರಿಸ್ಸಿನ ಪುಸ್ತಕ ಮರುವರ್ಷವೇ ಇಂಗ್ಲಿಷಿಗೆ ಹೋಯಿತು. ಮನೆಯ ಬರಹ ಒಂದೂವರೆ ಶತಮಾನ ಕತ್ತಲಲ್ಲಿ ಕೂತಿತ್ತು.

ಅಲ್ಲಿಂದ ಮುಂದೆ ಕೆಲಸದ ರೀತಿ ಬದಲಾಯಿತು. 1941ರಲ್ಲಿ ಬಂಗಾಳದ ನರೇಂದ್ರ ಕೃಷ್ಣ ಸಿನ್ಹಾ ಮರಾಠಿ, ಪೋರ್ಚುಗೀಸ್ ಕಾಗದಪತ್ರ ತೆರೆದು ಹೈದರನನ್ನು ಮತ್ತೆ ಬರೆದರು. ಹಯವದನರಾಯರ ಮೈಸೂರು ಚರಿತ್ರೆ ಅದೇ ದಶಕದ್ದು. ಮರಾಠರ ಕಡೆಯಿಂದ ನೋಡಿದಾಗ ಹೈದರನ ಸೋಲುಗಳೂ ಕಾಣುತ್ತವೆ: 1770ರಲ್ಲಿ ಪೇಶ್ವೆ ಮಾಧವರಾಯನ ಸೇನೆ ಇಂದಿನ ದಾಬಸ್‌ಪೇಟೆ ಬಳಿಯ ನಿಜಗಲ್ಲು ದುರ್ಗವನ್ನು ಗೆದ್ದಾಗ ಜೊತೆಗಿದ್ದವನು ಚಿತ್ರದುರ್ಗದ ಮದಕರಿ ನಾಯಕ. ಅದಕ್ಕೆ ಎರಡು ವರ್ಷ ಮುಂಚೆ ಹೊಸಕೋಟೆಯಲ್ಲಿ ಮರಾಠಾ ಸರದಾರ ಮುರಾರಿರಾಯನ ಪಾಳೆಯದ ಮೇಲೆ ರಾತ್ರಿ ದಾಳಿಯಿಟ್ಟ ಹೈದರ್ ಬರಿಗೈಯಲ್ಲಿ ಮರಳಿದ್ದ.

1999ರಲ್ಲಿ ಇರ್ಫಾನ್ ಹಬೀಬ್ ಸಂಪಾದಿಸಿದ ಲೇಖನ ಸಂಗ್ರಹ ತಂದೆ ಮಗ ಇಬ್ಬರನ್ನೂ ಒಟ್ಟಿಗಿಟ್ಟು ನೋಡಿತು. ಆಮೇಲೆ ಮಾತೆಲ್ಲ ಟಿಪ್ಪುವಿನದು. 2015ರಲ್ಲಿ ಸರ್ಕಾರಿ ಜಯಂತಿ ಬಂತು, 2019ರಲ್ಲಿ ನಿಂತಿತು. ಜಯಂತಿ ಬೇಕು ಬೇಡವೆಂಬ ಜಗಳದಲ್ಲಿ ಹೈದರನನ್ನು ಕೇಳುವವರೇ ಇರಲಿಲ್ಲ. ಅವನ ಬದುಕನ್ನು ಹೊಸದಾಗಿ ಬರೆಯಹೊರಡುವವರು ದಯವಿಟ್ಟು 'ಹೈದರ್ ನಾಮೆ'ಯಿಂದ ಶುರುಮಾಡಲಿ, ವಿಲ್ಕ್ಸ್ ಪಕ್ಕದಲ್ಲಿರಲಿ.

ದೇವನಹಳ್ಳಿಗೆ ಹೋದವರು ಟಿಪ್ಪು ಹುಟ್ಟಿದ ಜಾಗದ ಕಲ್ಲನ್ನು ನೋಡಿ ಬರುತ್ತಾರೆ. ಆವತಿ ನಾಡಪ್ರಭುಗಳು 1501ರಲ್ಲಿ ಮಣ್ಣಿನಲ್ಲಿ ಕಟ್ಟಿದ ಕೋಟೆ ಈಗ ಕಲ್ಲಿನ ಗೋಡೆಯಾಗಿ ನಿಂತಿರುವುದಕ್ಕೆ ಕಾರಣ, ಒಂದು ಕಾಲಕ್ಕೆ ಅದನ್ನು ಒಡೆಯಲು ಬಂದಿದ್ದ ಹೈದರ್.