ಬಿಯಾಲಿಸ್ಟಾಕಿನ ರೊಟ್ಟಿಯೂ ಮುಚ್ಚಳದ ಕೆಂಡವೂ

ಚಂದಕವಾಡಿಯ ಸೀಮೆಯಲ್ಲಿ ರಾಗಿಯೇ ಪ್ರಧಾನವಾದ ಆಹಾರವೆಂಬುದು ಸರ್ವವಿದಿತ. ಗೋಧಿಯ ಹಿಟ್ಟನ್ನು ಹುದುಗಿಸಿ ಸುಟ್ಟ ಬನ್ನು ಅಂಗಡಿಯ ಪದಾರ್ಥ. ಜ್ವರ ಬಿಟ್ಟವರಿಗೂ ಮಕ್ಕಳಿಗೂ ಕೊಂಡು ತರುವಂಥದು. ಅದನ್ನು ಮನೆಯಲ್ಲಿಯೇ ಏಕೆ ಮಾಡಬಾರದೆಂದರೆ, ಭಟ್ಟಿಯಿಲ್ಲವೆಂಬ ಉತ್ತರ ಸಿದ್ಧವಾಗಿರುತ್ತದೆ. ಈ ಉತ್ತರವು ಎಷ್ಟರಮಟ್ಟಿಗೆ ಸಾಧುವೆಂಬುದನ್ನು ತಿಳಿಯಲು, ಇಂಥ ಸಣ್ಣ ರೊಟ್ಟಿಗಳಿಗೆ ಹೆಸರಾದ ಪೋಲೆಂಡಿನ ಚರಿತ್ರೆಯನ್ನೂ ಕನ್ನಡದ ಒಂದು ಹಳೆಯ ಗ್ರಂಥವನ್ನೂ ಒಟ್ಟಿಗೆ ನೋಡಬೇಕು.

ಪೋಲೆಂಡಿನ ಕ್ರಾಕೋವ್ ನಗರದಲ್ಲಿ ಒಬ್ವಜಾನೆಕ್ ಎಂಬ ಬಳೆಯಾಕಾರದ ರೊಟ್ಟಿಯುಂಟು. ಹಿಟ್ಟಿನ ಬಳೆಯನ್ನು ಮೊದಲು ಕುದಿನೀರಿನಲ್ಲಿ ಅದ್ದಿ ತೆಗೆದು ಬಳಿಕ ಸುಡುವುದು ಇದರ ಕ್ರಮ. ರಾಣಿ ಯಾದ್ವಿಗಳ ಅರಮನೆಯ 1394ರ ಲೆಕ್ಕದಲ್ಲಿಯೇ ಇದರ ಹೆಸರು ಬಂದಿದೆ. ಯೆಹೂದ್ಯರ ಬೇಗೆಲ್ ಇದರ ದಾಯಾದಿ. 1683ರಲ್ಲಿ ಪೋಲೆಂಡಿನ ದೊರೆ ಸೊಬಿಯೆಸ್ಕಿಯು ವಿಯೆನ್ನಾ ನಗರವನ್ನು ತುರುಕರ ಮುತ್ತಿಗೆಯಿಂದ ಬಿಡಿಸಿದಾಗ, ಅವನ ಕುದುರೆಯ ಅಂಕವಣೆಯ ಆಕಾರದಲ್ಲಿ ಇದನ್ನು ಮೊದಲು ಮಾಡಿದರೆಂಬ ಕಥೆ ಪ್ರಚಾರದಲ್ಲಿದೆ. ಆದರೆ ಕ್ರಾಕೋವಿನ ಯೆಹೂದ್ಯರ 1610ರ ಕಟ್ಟಳೆಯಲ್ಲಿ, ಮಗು ಹುಟ್ಟಿದ ಸಂದರ್ಭದ ಉಡುಗೊರೆಗಳ ಪ್ರಸ್ತಾಪದಲ್ಲಿ, ಬೇಗೆಲ್ ಎಂಬ ಮಾತು ಸ್ಪಷ್ಟವಾಗಿದೆ. ಕಥೆ ಅಲ್ಲಿಗೆ ಬಿದ್ದುಹೋಯಿತು. ಬೇಗೆಲ್ ಎಂಬುದು ಬಾಗಿಸುವುದೆಂಬ ಅರ್ಥದ ಜರ್ಮನ್ ಮೂಲದಿಂದ ಬಂದ ಪದ. ಸಂಸ್ಕೃತದಲ್ಲಿ ವಕ್ರತೆಯನ್ನು ಹೇಳುವ ಭುಜ್ ಧಾತುವು ಆ ಮೂಲಕ್ಕೆ ಜ್ಞಾತಿಯೆಂದು ಭಾಷಾಶಾಸ್ತ್ರಜ್ಞರ ಮತ.

ಬಿಯಾಲಿಸ್ಟಾಕ್ ನಗರದ ರೊಟ್ಟಿಯ ಕಥೆ ಬೇರೆ. ಇದನ್ನು ನೀರಿಗೆ ಹಾಕುವುದಿಲ್ಲ. ಅಂಗೈಯಗಲದ ಬಿಲ್ಲೆಯ ನಡುವೆ ಬೆರಳುಗಳಿಂದ ಒತ್ತಿ, ಆ ಗುಳಿಯಲ್ಲಿ ಈರುಳ್ಳಿಯನ್ನೂ ಗಸಗಸೆಯನ್ನೂ ತುಂಬಿ ನೇರವಾಗಿ ಸುಡುತ್ತಾರೆ. ಆ ಊರಿನ ಯೆಹೂದ್ಯರಿಗೆ ಇದು ನಿತ್ಯದ ಆಹಾರವಾಗಿತ್ತು. 1941ರ ಜೂನ್ 27ರಂದು ಜರ್ಮನರು ನಗರವನ್ನು ಹೊಕ್ಕು, ನೂರಾರು ಜನರನ್ನು ದೊಡ್ಡ ಪ್ರಾರ್ಥನಾಮಂದಿರದಲ್ಲಿ ಕೂಡಿ ಬೆಂಕಿಯಿಟ್ಟರು. ಉಳಿದವರ ಕೇರಿಯೂ 1943ರ ಆಗಸ್ಟಿನಲ್ಲಿ ನಿರ್ಮೂಲವಾಯಿತು. ರೊಟ್ಟಿಯಾದರೋ, ಅದಕ್ಕೆ ಮುಂಚೆಯೇ ವಲಸೆ ಹೋದವರೊಡನೆ ಅಮೆರಿಕೆಯ ನ್ಯೂಯಾರ್ಕನ್ನು ಸೇರಿ, ಅಲ್ಲಿ ಊರ ಹೆಸರಿನಿಂದಲೇ ಬಿಯಾಲಿಯೆನಿಸಿಕೊಂಡಿತ್ತು. 1992ರಲ್ಲಿ ಮಿಮಿ ಶೆರಟನ್ ಎಂಬ ಲೇಖಕಿ ಇದನ್ನು ಹುಡುಕಿಕೊಂಡು ಬಿಯಾಲಿಸ್ಟಾಕಿಗೆ ಹೋದಾಗ, ಅದನ್ನು ಮಾಡಬಲ್ಲವರು ಅಲ್ಲಿ ಸಿಕ್ಕಲಿಲ್ಲ. ಹಿಟ್ಟೂ ಈರುಳ್ಳಿಯೂ ಒಲೆಯೂ ಇದ್ದುವು; ಕೈಗಳು ಮಾತ್ರ ಇರಲಿಲ್ಲ.

ಇನ್ನು ಭಟ್ಟಿಯ ಮಾತು. ಹುಣಸೂರಿನ ಬಳಿಯ ಕಲ್ಲಹಳ್ಳಿಯ ಮೂರನೆಯ ಮಂಗರಸನು 1508ರ ಸುಮಾರಿನಲ್ಲಿ ರಚಿಸಿದ ಸೂಪಶಾಸ್ತ್ರದಲ್ಲಿ ಹಿಟ್ಟಿನ ಪಾಕಗಳಿಗೇ ಒಂದು ಅಧ್ಯಾಯವುಂಟು. ಅಲ್ಲಿ ಹೇಳಿರುವ ಮುಚ್ಚಳರೊಟ್ಟಿಯನ್ನು ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸತಕ್ಕದ್ದು. ಭಟ್ಟಿಯ ತತ್ತ್ವವೂ ಇದಕ್ಕಿಂತ ಬೇರೆಯಲ್ಲ. ಸುತ್ತಲಿಂದಲೂ ಕಾವು ತಾಗಬೇಕು, ಅಷ್ಟೆ.

ಆದ್ದರಿಂದ ಅರ್ಧ ಕಿಲೋ ಮೈದಾಹಿಟ್ಟಿಗೆ 10 ಗ್ರಾಂ ಉಪ್ಪು, ಒಂದು ಸಣ್ಣ ಚಮಚ ಒಣ ಈಸ್ಟು, ಸುಮಾರು 320 ಮಿಲಿಲೀಟರು ಉಗುರುಬೆಚ್ಚಗಿನ ನೀರು ಬೆರೆಸಿ ಕಾಲು ಗಂಟೆ ಚೆನ್ನಾಗಿ ನಾದಬೇಕು. ಗೋಧಿಯ ಜಿಗುಟೇ ಗಾಳಿಯನ್ನು ಹಿಡಿದಿಡುವುದು. ರಾಗಿಗೆ ಆ ಗುಣವಿಲ್ಲವಾದ್ದರಿಂದ ಇಲ್ಲಿ ಅದು ಒದಗದು. ಹಿಟ್ಟು ಇಮ್ಮಡಿಯಾದ ಮೇಲೆ ಎಂಟು ಉಂಡೆ ಮಾಡಿ, ಒದ್ದೆ ಬಟ್ಟೆ ಹೊದಿಸಿ ಮತ್ತೊಂದು ಗಂಟೆ ಬಿಡಬೇಕು. ಇಡ್ಲಿಯ ಹಿಟ್ಟಿನ ಹದವನ್ನು ಬಲ್ಲ ಗೃಹಿಣಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ಗುಳಿಗೆ ಗುಂಡ್ಲುಪೇಟೆಯ ಕಡೆಯ ಸಣ್ಣ ಈರುಳ್ಳಿಯೇ ಲೇಸು. ಸಣ್ಣಗೆ ಹೆಚ್ಚಿ, ತುಸು ಎಣ್ಣೆಯಲ್ಲಿ ಬಾಡಿಸಿ, ಗಸಗಸೆ ಕೂಡಿಸಿದರೆ ಸಾಕು. ದಪ್ಪ ತಳದ ಪಾತ್ರೆಯನ್ನು ಮೊದಲೇ ಚೆನ್ನಾಗಿ ಕಾಯಿಸಿ, ಬಿಲ್ಲೆಗಳನ್ನಿಟ್ಟು, ತಟ್ಟೆ ಮುಚ್ಚಿ ಅದರ ಮೇಲೆ ಕೆಂಡ ಹರಡಬೇಕು. ಕೆಂಡ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಇಲ್ಲದಿದ್ದರೆ ತಳ ಸೀದು ನೆತ್ತಿ ಬೆಳ್ಳಗೇ ಉಳಿಯುತ್ತದೆ. ಅಂಚು ಹೊಂಬಣ್ಣಕ್ಕೆ ತಿರುಗಿದಾಗ ತೆಗೆದು ಬೆಣ್ಣೆಯೊಡನೆ ಆಗಲೇ ಬಡಿಸಬೇಕು. ಐದಾರು ಗಂಟೆ ಕಳೆದರೆ ಬಿರುಸಾಗುತ್ತದೆ.