ಪಟ್ಟಿಯಲ್ಲಿಲ್ಲದ ಹೆಸರು

ವಿಂಬಲ್ಡನ್ನಿನಲ್ಲಿ ಪುರುಷರ ಸಿಂಗಲ್ಸ್ ಗೆದ್ದವರ ಪಟ್ಟಿಯಲ್ಲಿ ಪಾಂಚೋ ಗೊಂಜಾಲೆಸನ ಹೆಸರಿಲ್ಲ. ಹಾಗೆಂದು ಆತನನ್ನು ಸಾಮಾನ್ಯ ಆಟಗಾರನೆಂದು ವಾಚಕರು ಎಣಿಸಬಾರದು. 1950ರ ದಶಕದ ಬಹುಭಾಗ ಟೆನ್ನಿಸ್ ಜಗತ್ತಿನಲ್ಲಿ ಅವನಿಗೆ ಸರಿಸಮನಾದವನು ಇರಲಿಲ್ಲವೆಂದು ಆಟದ ಮರ್ಮ ಬಲ್ಲ ಅನೇಕರ ಅಭಿಪ್ರಾಯ. ಆದರೂ 1950ರಿಂದ 1967ರವರೆಗೆ, ಒಟ್ಟು 18 ವರ್ಷ, ಆ ಚಾಂಪಿಯನ್‌ಷಿಪ್ಪಿನ ಬಾಗಿಲು ಅವನಿಗೆ ಮುಚ್ಚಿತ್ತು. ಅವನು ಮಾಡಿದ ಅಪರಾಧ ಒಂದೇ: ಆಡಿ ಹಣ ಪಡೆದದ್ದು.

ಈ ಭೇದ ನಮ್ಮ ನಾಟಕದವರಿಗೆ ಹೊಸದಲ್ಲ. ಕಂಪನಿ ಕಟ್ಟಿಕೊಂಡು ಊರೂರು ತಿರುಗುವವರು ವೃತ್ತಿಯವರು. ಬೇರೆ ಉದ್ಯೋಗವಿದ್ದು ಸಂತೋಷಕ್ಕಾಗಿ ಬಣ್ಣ ಹಚ್ಚುವವರು ವಿಲಾಸಿಗಳು. ವಿಲಾಸಿಯನ್ನು ಇಂಗ್ಲಿಷರು 'ಅಮೆಚೂರ್' ಎನ್ನುತ್ತಾರೆ. ಆ ಮಾತಿನ ಬೇರು 'ಪ್ರೀತಿಸು' ಎಂಬ ಅರ್ಥದ ಲ್ಯಾಟಿನ್ ಧಾತು. ಆದರೆ ಗುಬ್ಬಿ ಕಂಪನಿಯ ನಟ ಸಂಬಳ ಪಡೆದನೆಂದು, ಅವನಿಗೆ ನಾಟಕದ ಮೇಲೆ ಪ್ರೀತಿಯಿಲ್ಲವೆನ್ನಲು ಯಾರಿಗೆ ನಾಲಿಗೆ ಬಂದೀತು? ಟೆನ್ನಿಸ್ಸಿನ ದೊಡ್ಡವರಿಗೆ ಬಂತು. ಅನ್ನದ ಚಿಂತೆಯಿಲ್ಲದವರು ಕಟ್ಟಿದ ನಿಯಮವದು. ಹೆಸರಾಂತ ವಿಲಾಸಿಗಳಿಗೆ ಪ್ರಯಾಣದ ಖರ್ಚೆಂಬ ನೆಪದಲ್ಲಿ ಗುಟ್ಟಾಗಿ ಹಣ ಸಂದಾಯವಾಗುತ್ತಿತ್ತು. ಗುಟ್ಟಾಗಿ ಪಡೆದವನು ಸಭ್ಯ, ಬಹಿರಂಗವಾಗಿ ಪಡೆದವನು ಬಹಿಷ್ಕೃತ!

ಗೊಂಜಾಲೆಸ್ ಹುಟ್ಟಿದ್ದು 1928ರ ಮೇ 9ರಂದು, ಅಮೆರಿಕದ ಲಾಸ್ ಏಂಜಲೀಸಿನಲ್ಲಿ. ತಂದೆ ತಾಯಿ ಮೆಕ್ಸಿಕೋದಿಂದ ಬಂದ ಬಡವರು. ಮನೆಯಲ್ಲಿ ಏಳು ಮಕ್ಕಳು. ಅವನ ನಿಜವಾದ ಹೆಸರು ರಿಚರ್ಡ್. 'ಪಾಂಚೋ' ಎಂಬುದು ಮೆಕ್ಸಿಕೋ ಮೂಲದವರನ್ನು ಬಿಳಿಯರು ಸಾರಾಸಗಟಾಗಿ ಕರೆಯುತ್ತಿದ್ದ ಹೆಸರು. ಅದೇ ಕೊನೆಯವರೆಗೂ ಅಂಟಿಕೊಂಡಿತು. ಹನ್ನೆರಡರ ವಯಸ್ಸಿನಲ್ಲಿ ತಾಯಿ 51 ಸೆಂಟು ಕೊಟ್ಟು ಒಂದು ಬ್ಯಾಟು ತಂದುಕೊಟ್ಟಳು. ಗುರುವಿಲ್ಲ, ಕ್ಲಬ್ಬಿಲ್ಲ, ಸಾರ್ವಜನಿಕ ಉದ್ಯಾನದ ಅಂಗಳದಲ್ಲಿ ಬೇರೆಯವರ ಆಟ ನೋಡಿ ನೋಡಿಯೇ ಕಲಿತ. ಶಾಲೆ ತಪ್ಪಿಸುತ್ತಾನೆಂದು ಆ ಪ್ರಾಂತದ ಟೆನ್ನಿಸ್ ಅಧಿಕಾರಿ ಪೆರಿ ಜೋನ್ಸ್ ಅವನನ್ನು ಸ್ಪರ್ಧೆಗಳಿಂದ ಹೊರಗಿಟ್ಟ. ಮುಂದೆ ಕೆಲಕಾಲ ನೌಕಾಪಡೆಯ ಚಾಕರಿಯೂ ಆಯಿತು.

ಇಂಥವನು 1948ರಲ್ಲಿ, 20ನೆಯ ವಯಸ್ಸಿನಲ್ಲಿ, ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದ. ಮರುವರ್ಷದ ಫೈನಲಿನಲ್ಲಿ ಟೆಡ್ ಶ್ರೋಡರನಿಗೆ ಮೊದಲ ಸೆಟ್ಟನ್ನು 16–18ರಿಂದ, ಎರಡನೆಯದನ್ನು 2–6ರಿಂದ ಸೋತು, ಉಳಿದ ಮೂರನ್ನೂ ಗೆದ್ದು ಪಟ್ಟ ಉಳಿಸಿಕೊಂಡ. ಅಷ್ಟರಲ್ಲಿ ಮದುವೆಯಾಗಿತ್ತು, ಸಂಸಾರ ಸಾಗಬೇಕಿತ್ತು. ಬೆಳ್ಳಿಯ ಬಟ್ಟಲಿನಿಂದ ಒಲೆ ಉರಿಯುವುದಿಲ್ಲ. 21ನೆಯ ವಯಸ್ಸಿನಲ್ಲಿ ವೃತ್ತಿಯವರ ತಂಡ ಸೇರಿದ.

ಆ ತಂಡದ ಬಾಳು ನಮ್ಮ ನಾಟಕ ಕಂಪನಿಯ ಬಾಳಿನಂತೆಯೇ. ಈ ರಾತ್ರಿ ಒಂದು ಊರಿನ ಸಭಾಂಗಣದಲ್ಲಿ ಕ್ಯಾನ್ವಾಸು ಹಾಸಿ ಆಡುವುದು, ಮುಗಿದೊಡನೆ ಸುತ್ತಿಕೊಂಡು ಮುಂದಿನ ಊರಿನ ದಾರಿ ಹಿಡಿಯುವುದು. ಮೊದಲ ಪ್ರವಾಸದಲ್ಲಿ ನುರಿತ ಜ್ಯಾಕ್ ಕ್ರೇಮರ್ ಅವನನ್ನು 96 ಪಂದ್ಯಗಳಲ್ಲಿ ಸೋಲಿಸಿದ. ಗೊಂಜಾಲೆಸ್ ಗೆದ್ದದ್ದು 27. ಸೋತವನನ್ನು ನೋಡಲು ಯಾರು ಟಿಕೆಟ್ ಕೊಳ್ಳುತ್ತಾರೆ? ಪ್ರವಾಸದಿಂದ ಅವನನ್ನು ಕೈಬಿಟ್ಟರು. ಇತ್ತ ವಿಲಾಸಿಗಳ ಬಾಗಿಲೂ ಇಲ್ಲ. ತಾನು ಆಟ ಕಲಿತ ಉದ್ಯಾನದಲ್ಲೇ ಬ್ಯಾಟುಗಳ ಅಂಗಡಿ ನಡೆಸಿ ದಿನ ದೂಡಿದ.

1954ರಲ್ಲಿ ಮರಳಿ ಬಂದವನು ಬೇರೆಯೇ ಮನುಷ್ಯ. 1955ರಲ್ಲಿ ವಿಂಬಲ್ಡನ್ ಗೆದ್ದ ಟೋನಿ ಟ್ರಾಬರ್ಟ್ ವೃತ್ತಿಗೆ ಬಂದಾಗ ಅವನನ್ನು 74–27ರಿಂದ ಸೋಲಿಸಿದ. 1957ರಲ್ಲಿ ಕೆನ್ ರೋಸ್ವಾಲನನ್ನು 50–26ರಿಂದ. 1956, 1957 ಎರಡೂ ವರ್ಷ ವಿಂಬಲ್ಡನ್ ಗೆದ್ದ ಲ್ಯೂ ಹೋಡನನ್ನು 1958ರಲ್ಲಿ 51–36ರಿಂದ. ಹೆಸರು ಪಟ್ಟಿಯಲ್ಲಿದ್ದವರು ಒಬ್ಬರಾದ ಮೇಲೊಬ್ಬರು ಬಂದು, ಹೆಸರಿಲ್ಲದವನ ಮುಂದೆ ಸೋತರು. ಇಷ್ಟಾದರೂ ಟ್ರಾಬರ್ಟನಿಗೆ 80,000 ಡಾಲರಿನ ಭರವಸೆಯಿದ್ದಾಗ ಇವನಿಗೆ ಗೊತ್ತಾದದ್ದು 15,000. ಹೊಸಬನ ಕೀರ್ತಿಗೆ ಬೆಲೆ, ಹಳಬನ ಗೆಲುವಿಗಿಲ್ಲ. ಆ ಸಿಟ್ಟನ್ನೆಲ್ಲ ಅವನು ಚೆಂಡಿನ ಮೇಲೆ ತೀರಿಸಿಕೊಂಡನೆಂದು ತೋರುತ್ತದೆ.

ನಮ್ಮ ರಾಮನಾಥನ್ ಕೃಷ್ಣನ್ ಅವರಿಗೂ ಕ್ರೇಮರನ ಕರೆ ಬಂದಿತ್ತು. ಅವರು ಒಪ್ಪಲಿಲ್ಲ. 1960 ಮತ್ತು 1961ರಲ್ಲಿ ವಿಂಬಲ್ಡನ್ ಸೆಮಿಫೈನಲ್ ತಲುಪಿದರು. 1966ರಲ್ಲಿ ಭಾರತ ಡೇವಿಸ್ ಕಪ್ಪಿನ ಕೊನೆಯ ಸುತ್ತಿಗೇರಿದಾಗ ಅದರ ಮುಂಚೂಣಿಯಲ್ಲಿದ್ದರು. ಒಪ್ಪಿದ್ದರೆ ಇವೆಲ್ಲ ಕೈತಪ್ಪುತ್ತಿದ್ದವು. ಗೊಂಜಾಲೆಸ್ ತೆತ್ತ ಬೆಲೆ ಎಷ್ಟೆಂದು ಇದರಿಂದಲೇ ಅಳೆಯಬಹುದು.

ಬಾಗಿಲು ತೆರೆದದ್ದು 1968ರಲ್ಲಿ. ಆಗ ಅವನಿಗೆ 40 ತುಂಬುತ್ತಿತ್ತು. ಮರುವರ್ಷ ವಿಂಬಲ್ಡನ್ನಿನ ಮೊದಲ ಸುತ್ತಿನಲ್ಲಿ ಎದುರಾದವನು 25ರ ತರುಣ ಚಾರ್ಲಿ ಪಸರೆಲ್. ಮೊದಲ ಸೆಟ್ಟು 22–24ಕ್ಕೆ ಹೋಯಿತು. ಕತ್ತಲಾಯಿತು, ಆಟ ನಿಲ್ಲಿಸಿರೆಂದು ಕೂಗಾಡಿದ, ಕೇಳುವವರಿಲ್ಲ. ಎರಡನೆಯ ಸೆಟ್ಟನ್ನು 1–6ರಿಂದ ಕಳೆದುಕೊಂಡು ಸಿಡಿಮಿಡಿಗೊಂಡು ಹೊರಟವನನ್ನು ಜನ ಹೀಯಾಳಿಸಿದರು. ಮರುದಿನ ಬಂದು 16–14, 6–3, 11–9ರಿಂದ ಗೆದ್ದ. ಇನ್ನೊಂದೇ ಅಂಕ ಹೋದರೆ ಸೋಲು ಎಂಬ ಘಳಿಗೆಯಿಂದ 7 ಸಲ ಪಾರಾಗಿದ್ದ. ಒಟ್ಟು 112 ಗೇಮು, 5 ಗಂಟೆ 12 ನಿಮಿಷ. ಹೀಯಾಳಿಸಿದ ಜನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಾಲ್ಕನೆಯ ಸುತ್ತಿನಲ್ಲಿ ಆರ್ಥರ್ ಆಷ್‌ಗೆ ಸೋತ. ಗೇಮುಗಳ ಲೆಕ್ಕದಲ್ಲಿ ವಿಂಬಲ್ಡನ್ನಿನ ಅತಿ ದೀರ್ಘ ಪಂದ್ಯವೆಂಬ ಆ ದಾಖಲೆ 2010ರವರೆಗೆ ಉಳಿಯಿತು.

ಅವನು ಸಂತನಲ್ಲ. ಮುಂಗೋಪಿ, ಒಂಟಿ, ಮದುವೆಗಳು ಆರಾದರೂ ಒಂದೂ ನಿಲ್ಲಲಿಲ್ಲ. 1995ರ ಜುಲೈ 3ರಂದು ಲಾಸ್ ವೇಗಾಸಿನಲ್ಲಿ ತೀರಿಕೊಂಡ. ಅಂತ್ಯಕ್ರಿಯೆಯ ಖರ್ಚನ್ನು ಕೊನೆಯ ಪತ್ನಿಯಾಗಿದ್ದ ರೀಟಾಳ ತಮ್ಮ ಆಂಡ್ರೆ ಅಗಾಸಿ ವಹಿಸಿದನೆಂದು ಹೇಳುತ್ತಾರೆ. ಹಣಕ್ಕಾಗಿ ಆಡಿದವನೆಂದು ಹೊರಗಿಟ್ಟವನ ಕೈಯಲ್ಲಿ ಕೊನೆಗೆ ಹಣವಿರಲಿಲ್ಲ. ಖರ್ಚು ವಹಿಸಿದವನು ಬಹಿರಂಗವಾಗಿ ಹಣ ಪಡೆಯುತ್ತಲೇ 1992ರಲ್ಲಿ ವಿಂಬಲ್ಡನ್ ಗೆದ್ದವನು; ಅವನ ಹೆಸರು ಪಟ್ಟಿಯಲ್ಲಿದೆ.

'ವೃತ್ತಿ' ಎಂಬ ಮಾತಿಗೆ ಜೀವನೋಪಾಯವೆಂಬ ಅರ್ಥವೂ ಇದೆ, ನಡವಳಿಕೆಯೆಂಬ ಅರ್ಥವೂ ಇದೆ. ಮೊದಲನೆಯದನ್ನು ನೋಡಿ ಎರಡನೆಯದರ ತೀರ್ಪು ಹೇಳಿದವರು ಅಂದಿನ ಟೆನ್ನಿಸ್ ಅಧಿಕಾರಿಗಳು. ಗೆದ್ದವರ ಪಟ್ಟಿಗಳನ್ನು ನಾವು ಚರಿತ್ರೆಯೆಂದು ಓದುತ್ತೇವೆ, ಓದಲಿ, ತಪ್ಪೇನಿಲ್ಲ. ಆ ಕಾಲದಲ್ಲಿ ಬಾಗಿಲು ಯಾರಿಗೆ ತೆರೆದಿತ್ತು ಎಂದು ಕೇಳಿಕೊಂಡು ಓದಿದರೆ ಸಾಕು.