ಬೆಳಗಾವಿ ಜಿಲ್ಲೆ: ಹೆರಿಗೆಯ ಔಷಧ ಮತ್ತು ಅರಿವಳಿಕೆಯ ಚರಿತ್ರೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಿರುವ ಬೆಳಗಾವಿ ಜಿಲ್ಲೆಯಲ್ಲಿ ಹೆರಿಗೆಗೆ ಬಳಸುವ ಔಷಧಗಳ ಚರಿತ್ರೆ ಒಂದೇ ಕಡೆ ಸಿಗುವುದಿಲ್ಲ. 1884ರ ಬೆಳಗಾವಿ ಗ್ಯಾಸೆಟಿಯರಿನಂಥ ಹಳೆಯ ಆಕರಗಳಿಗೆ ದವಾಖಾನೆಗಳನ್ನು, ರೋಗಿಗಳನ್ನು ಎಣಿಸುವುದರಲ್ಲಿ ಆಸಕ್ತಿ. ಯಾರಿಗೆ ಯಾವ ಔಷಧ ಕೊಟ್ಟರು, ಆಮೇಲೆ ಏನಾಯಿತು ಎಂಬುದರಲ್ಲಿ ಅಲ್ಲ. ಭಾವೆ ಮನೆತನದ ರಾಮದುರ್ಗ 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದುದರಿಂದ ಅದರ ಲೆಕ್ಕವೇ ಬೇರೆ. 2002ರ ನಂತರ ಚಿತ್ರ ಬದಲಾಗುತ್ತದೆ. ಬಾಣಂತಿಯ ರಕ್ತಸ್ರಾವವನ್ನು ಮಿಲಿಲೀಟರಿನಲ್ಲಿ ಅಳೆದ, ಮಗು 28 ದಿನ ಬದುಕಿತೇ ಎಂದು ವಿಚಾರಿಸಿ ಬರೆದಿಟ್ಟ ದಾಖಲೆಗಳು ಈ ಜಿಲ್ಲೆಯ ಹಳ್ಳಿಗಳಿಂದಲೇ ಹೊರಟು ಜಗತ್ತಿನ ವೈದ್ಯಕೀಯ ಪತ್ರಿಕೆಗಳನ್ನು ಸೇರಿದವು.

ಅರಿವಳಿಕೆಯ ಆರಂಭದ ಕಥೆ ಎಲ್ಲ ಪುಸ್ತಕಗಳಲ್ಲೂ ಇದೆ. 1824ರಲ್ಲಿ ಕಿತ್ತೂರಿನ ಕಾಳಗ ನಡೆದಾಗ ಗಾಯಾಳುಗಳ ನೋವು ತಗ್ಗಿಸಲು ಅಫೀಮು, ಮದ್ಯ ಬಿಟ್ಟರೆ ಬೇರೆ ದಾರಿ ಹೆಚ್ಚೇನೂ ಇರಲಿಲ್ಲ. ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದ್ದು 1846ರಲ್ಲಿ. ಮರುವರ್ಷವೇ ಈಥರ್ ಕಲ್ಕತ್ತೆಗೆ ಬಂತು. ಅದೇ ವರ್ಷ ಎಡಿನ್‌ಬರೋದಲ್ಲಿ ಜೇಮ್ಸ್ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದರು.

ಕ್ಲೋರೋಫಾರ್ಮಿನಿಂದ ಸಾಯುವವರು ಹೇಗೆ ಸಾಯುತ್ತಾರೆ ಎಂಬ ಪ್ರಶ್ನೆ ಮಾತ್ರ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಗೆಹರಿಯಲಿಲ್ಲ. ಅದಕ್ಕೆ ಉತ್ತರ ಹುಡುಕಲು ಹೊರಟವರಲ್ಲಿ, ಆಗ ಕಲಬುರಗಿ, ರಾಯಚೂರು, ಬೀದರ್‌ಗಳನ್ನೂ ಆಳುತ್ತಿದ್ದ ಹೈದರಾಬಾದಿನ ನಿಜಾಮರ ಸರ್ಕಾರವೂ ಒಂದು. ವೈದ್ಯ ಎಡ್ವರ್ಡ್ ಲಾರಿಯವರ ಒತ್ತಾಸೆಯಿಂದ ಅಲ್ಲಿ 1888ರಲ್ಲಿ ಒಂದು, 1889ರಲ್ಲಿ ಇನ್ನೊಂದು ಕ್ಲೋರೋಫಾರ್ಮ್ ಆಯೋಗ ಕೂತವು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದರು. ಮೊದಲು ನಿಲ್ಲುವುದು ಉಸಿರು, ಆದ್ದರಿಂದ ಉಸಿರಿನ ಮೇಲೆ ಕಣ್ಣಿಟ್ಟರೆ ಅಪಾಯವಿಲ್ಲ ಎಂದು ಪ್ರಾಣಿಗಳ ಮೇಲಿನ ಪ್ರಯೋಗಗಳ ಆಧಾರದಲ್ಲಿ ಆಯೋಗ ತೀರ್ಪು ಕೊಟ್ಟಿತು. ಆದರೆ ಆ ತೀರ್ಪು ನಿಲ್ಲಲಿಲ್ಲ. ಅರಿವಳಿಕೆಯ ಮತ್ತು ಇನ್ನೂ ಹಗುರಾಗಿರುವಾಗ, ಹೆದರಿಕೆಯಿಂದ ದೇಹದಲ್ಲಿ ಅಡ್ರಿನಾಲಿನ್ ಉಕ್ಕಿದಾಗ, ಹೃದಯ ಲಯ ತಪ್ಪಿ ಒಮ್ಮೆಲೇ ನಿಲ್ಲಬಲ್ಲದು ಎಂದು ಗುಡ್‌ಮನ್ ಲೆವಿ 1911ರಲ್ಲಿ ತೋರಿಸಿದರು. ಲಾರಿಯವರ ತೀರ್ಮಾನ ತಪ್ಪಿದರೂ ಉಸಿರನ್ನು ಗಮನಿಸಬೇಕೆಂಬ ಅವರ ಪಾಠ ಉಳಿಯಿತು. ಅವರ ಕೈಕೆಳಗೆ ಪಳಗಿದ ರೂಪಾಬಾಯಿ ಫರ್ದೂನ್‌ಜಿಯವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಎಂದು ಇಂದು ಗುರುತಿಸಲಾಗುತ್ತದೆ.

ಈಗಿನ ತಾಲ್ಲೂಕು ಆಸ್ಪತ್ರೆಗಳಲ್ಲಿ ಸಿಸೇರಿಯನ್ನಿಗೆ ಬಹುತೇಕ ಬೆನ್ನಿನ ಸೂಜಿಯನ್ನೇ ಕೊಡುತ್ತಾರೆ. ಆಗಸ್ಟ್ ಬೀರ್ 1898ರಲ್ಲಿ ಕೊಕೇನ್ ಬಳಸಿ ಆರಂಭಿಸಿದ ಈ ವಿಧಾನಕ್ಕೆ ಇಂದಿನ ಔಷಧ ಬುಪಿವಕೇನ್. ನರತಂತುಗಳೊಳಕ್ಕೆ ಸೋಡಿಯಂ ನುಗ್ಗುವ ದ್ವಾರಗಳನ್ನು ಅದು ಮುಚ್ಚುತ್ತದೆ. ಸಂಕೇತ ಮುಂದೆ ಸಾಗದೆ ಸೊಂಟದ ಕೆಳಗೆ ನೋವು ತಿಳಿಯುವುದಿಲ್ಲ. ಜತೆಗೇ ರಕ್ತನಾಳಗಳನ್ನು ಬಿಗಿ ಹಿಡಿದಿರುವ ನರಗಳೂ ಸುಮ್ಮನಾಗುವುದರಿಂದ ರಕ್ತದೊತ್ತಡ ಕುಸಿಯುತ್ತದೆ. ಅದನ್ನು ಎತ್ತಿ ಹಿಡಿಯಲು ಸಲೈನ್ ಅಥವಾ ರಿಂಗರ್ಸ್ ಲ್ಯಾಕ್ಟೇಟ್ ಏರಿಸುತ್ತಾರೆ, ಮೆಫೆಂಟರ್ಮಿನ್‌ನಂಥ ಔಷಧವನ್ನು ಕೈಗೆಟುಕುವಂತೆ ಇಟ್ಟುಕೊಳ್ಳುತ್ತಾರೆ. ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ ಕೊಡಲು ಹಿಂಜರಿಯುವುದಕ್ಕೆ ಇರುವ ಕಾರಣವನ್ನು 1946ರಲ್ಲಿ ಕರ್ಟಿಸ್ ಮೆಂಡಲ್ಸನ್ ವಿವರಿಸಿದ್ದರು: ಮತ್ತಿನಲ್ಲಿರುವ ಗರ್ಭಿಣಿಯ ಹೊಟ್ಟೆಯ ಆಮ್ಲ ಮೇಲೇರಿ ಪುಪ್ಪುಸ ಸೇರಬಹುದು. ಶಸ್ತ್ರಚಿಕಿತ್ಸೆಗೆ ಮೊದಲು ಏನೂ ತಿನ್ನಬೇಡಿ ಎಂಬ ಕಟ್ಟಪ್ಪಣೆ ಅದಕ್ಕಾಗಿ.

ಔಷಧ ಇದ್ದರೂ ಕೊಡುವ ಕೈಯಿರಲಿಲ್ಲ ಎಂಬುದು ತಾಲ್ಲೂಕು ಊರುಗಳ ಬಹುಕಾಲದ ತೊಡಕು. ಬೈಲಹೊಂಗಲದಿಂದ ಬೆಳಗಾವಿ ಸುಮಾರು 45 ಕಿ.ಮೀ., ರಾಮದುರ್ಗದಿಂದ ಸುಮಾರು ನೂರು. ರಾತ್ರಿ ಹೊತ್ತು ಅರಿವಳಿಕೆ ತಜ್ಞರಿಲ್ಲದಿದ್ದರೆ ಗರ್ಭಿಣಿಯನ್ನು ಅಷ್ಟು ದೂರ ಸಾಗಿಸಬೇಕು. ಈ ಕೊರತೆ ನೀಗಲು ಕೇಂದ್ರ ಸರ್ಕಾರ ಎಂಬಿಬಿಎಸ್ ವೈದ್ಯರಿಗೆ 18 ವಾರಗಳ ಜೀವರಕ್ಷಕ ಅರಿವಳಿಕೆ ತರಬೇತಿ ರೂಪಿಸಿತು. ಅಷ್ಟು ಅವಧಿ ಸಾಕೇ ಎಂಬ ವಾದ ತಜ್ಞರ ನಡುವೆ ಇನ್ನೂ ನಿಂತಿಲ್ಲ.

ಜಿಲ್ಲೆಯ ಮಟ್ಟಿಗೆ ನಿಜವಾದ ತಿರುವು ಬಂದದ್ದು ಶಸ್ತ್ರಚಿಕಿತ್ಸೆಯ ಕೋಣೆಯಲ್ಲಲ್ಲ. 1963ರಲ್ಲಿ ಆರಂಭವಾದ ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಬಿ.ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ್ ಮೊದಲಾದವರು ಅಮೆರಿಕದ ರಿಚರ್ಡ್ ಡರ್ಮನ್ ಅವರ ತಂಡದೊಂದಿಗೆ 2002ರಿಂದ 2005ರವರೆಗೆ ಗ್ರಾಮೀಣ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಪರೀಕ್ಷೆ ನಡೆಸಿದರು. ಹೊಟ್ಟೆಹುಣ್ಣಿಗೆಂದು ತಯಾರಾದ ಮಿಸೊಪ್ರೊಸ್ಟಾಲ್ ಗರ್ಭಕೋಶವನ್ನೂ ಬಿಗಿಗೊಳಿಸುತ್ತದೆ. ಮಾಸು ಬಿದ್ದಾಗ ತೆರೆದುಕೊಳ್ಳುವ ರಕ್ತನಾಳಗಳನ್ನು ಹಿಂಡಿ ಮುಚ್ಚುವುದು ಆ ಬಿಗಿತವೇ. ಮಾತ್ರೆಗೆ ಸೂಜಿ ಬೇಕಿಲ್ಲ, ಫ್ರಿಜ್ಜೂ ಬೇಕಿಲ್ಲ. ಒಟ್ಟು 1,620 ತಾಯಂದಿರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, 812 ಜನರಿಗೆ ಹೆರಿಗೆಯಾದ ಕೂಡಲೇ 600 ಮೈಕ್ರೊಗ್ರಾಂ ಮಾತ್ರೆಯನ್ನೂ 808 ಜನರಿಗೆ ಔಷಧವಿಲ್ಲದ ಹುಸಿಮಾತ್ರೆಯನ್ನೂ ಕೊಟ್ಟರು. ಹೆರಿಗೆ ಮಾಡಿಸಿದವರು, ಮಾತ್ರೆ ಕೊಟ್ಟವರು, ರಕ್ತ ಅಳೆದವರು 25 ಮಂದಿ ಆರೋಗ್ಯ ಸಹಾಯಕಿಯರು, ಅಂದರೆ ಊರಿನ ನರ್ಸಬಾಯಿಯರು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದಂತೆ, 500 ಮಿ.ಲೀ. ದಾಟಿದ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿದಿತ್ತು, ತೀವ್ರ ಸ್ರಾವ ಶೇ 1.2ರಿಂದ ಶೇ 0.2ಕ್ಕೆ. ಮಾತ್ರೆ ನುಂಗಿದವರಲ್ಲಿ ನಡುಕ, ಜ್ವರ ಹೆಚ್ಚಿದ್ದವು, ಆದರೆ ಬೇಗ ಇಳಿದವು.

ಈ ಪರೀಕ್ಷೆಯ ಬಗ್ಗೆ ಆಕರಗಳು ಒಮ್ಮತದಲ್ಲಿಲ್ಲ. ಅರ್ಧದಷ್ಟು ತಾಯಂದಿರಿಗೆ ಹುಸಿಮಾತ್ರೆ ಕೊಟ್ಟದ್ದು ಸರಿಯೇ ಎಂಬುದು ಮೊದಲ ಆಕ್ಷೇಪ. ಆಗ ಹಳ್ಳಿಯ ಹೆರಿಗೆಗಳಲ್ಲಿ ಯಾವ ಔಷಧವೂ ಇಲ್ಲದೆ ಕಾದು ನೋಡುವುದೇ ರೂಢಿಯಾಗಿತ್ತು ಎಂಬುದು ಸಮರ್ಥನೆ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ರಕ್ತಸ್ರಾವ ತಡೆಯುವ ಆಕ್ಸಿಟೋಸಿನ್ ಸೂಜಿಮದ್ದು ಸಿಗದ ಕಡೆ ಅದೇ ಕೆಲಸಕ್ಕೆಂದು ಮಿಸೊಪ್ರೊಸ್ಟಾಲನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಪುರಾವೆ ಸಾಲದು, ಪಟ್ಟಿಯಿಂದ ತೆಗೆಯಿರಿ ಎಂಬ ಒತ್ತಾಯ ಮುಂದಿನ ವರ್ಷಗಳಲ್ಲೇ ಕೇಳಿಬಂತು. ಇದೇ ಮಾತ್ರೆಯನ್ನು ಮಗು ಹುಟ್ಟುವ ಮೊದಲು ಲೆಕ್ಕ ತಪ್ಪಿ ಕೊಟ್ಟರೆ, ಅದರಲ್ಲೂ ಹಿಂದೆ ಸಿಸೇರಿಯನ್ ಆದವರಿಗೆ ಕೊಟ್ಟರೆ, ಗರ್ಭಕೋಶ ಹರಿಯುವ ಅಪಾಯವಿದೆ ಎಂಬುದರಲ್ಲಿ ಮಾತ್ರ ಭಿನ್ನಮತವಿಲ್ಲ.

ಮಾತ್ರೆಯ ಗದ್ದಲದಲ್ಲಿ ಹಿಂದೆ ಸರಿದದ್ದು ಅಳತೆಯ ಸಾಧನ. ಬೆಳಗಾವಿಯ ತಂಡ ಅಳತೆಗೆರೆಗಳಿರುವ ಚೀಲ ಜೋಡಿಸಿದ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿ, ಏಳು ಸಹವರ್ತಿಗಳ ಹೆಸರಿನ ಮೊದಲಕ್ಷರ ಕೂಡಿಸಿ ‘ಬ್ರಾಸ್-ವಿ’ ಎಂದು ಕರೆಯಿತು. ಜಿಲ್ಲಾ ಆಸ್ಪತ್ರೆಯಲ್ಲಿ 123 ತಾಯಂದಿರ ಮೇಲೆ ಹೋಲಿಸಿ ನೋಡಿದಾಗ, ಕಣ್ಣಳತೆಯ ಅಂದಾಜು ಹಾಳೆಯ ಅಳತೆಗಿಂತ ಶೇ 33ರಷ್ಟು ಕಡಿಮೆ ಬಂತು. ಕಣ್ಣಂದಾಜಿನ ಮೇಲೆ ನಿಂತ ಹಳೆಯ ಅಂಕಿಅಂಶಗಳನ್ನೆಲ್ಲ ಇದು ಅನುಮಾನಕ್ಕೆ ಈಡುಮಾಡುತ್ತದೆ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ ಇಂಥ ಹಾಳೆಯಿಂದ ಬೇಗ ಪತ್ತೆಹಚ್ಚಿ ಕೂಡಲೇ ಚಿಕಿತ್ಸೆ ಕೊಟ್ಟಾಗ ತೀವ್ರ ರಕ್ತಸ್ರಾವ ಮತ್ತದರ ತೊಡಕುಗಳು ಶೇ 60ರಷ್ಟು ತಗ್ಗಿದವು. ಈ ಲೇಖನದ ದೃಷ್ಟಿಯಲ್ಲಿ ಮಾತ್ರೆಗಿಂತ ದೊಡ್ಡ ಕೊಡುಗೆ ಹಾಳೆಯದೇ.

ಕೆಡುಕನ್ನು ತೋರಿಸಿದ ಪರೀಕ್ಷೆಯೂ ಒಂದಿದೆ. ಅವಧಿಗೆ ಮುಂಚೆ ಹುಟ್ಟಲಿರುವ ಮಗುವಿನ ಪುಪ್ಪುಸ ಮಾಗಲು ತಾಯಿಗೆ ಡೆಕ್ಸಾಮೆಥಸೋನ್ ಕೊಡುವುದು ದೊಡ್ಡ ಆಸ್ಪತ್ರೆಗಳಲ್ಲಿ ಸಾಬೀತಾದ ಕ್ರಮ. ಅದನ್ನೇ ಹಳ್ಳಿಯ ಮಟ್ಟಕ್ಕೆ ಇಳಿಸಿ ಬೆಳಗಾವಿ, ನಾಗಪುರ ಹಾಗೂ ಬೇರೆ ಐದು ದೇಶಗಳಲ್ಲಿ ನೋಡಿದರು. 2015ರಲ್ಲಿ ಪ್ರಕಟವಾದ ಲೆಕ್ಕ ಎಲ್ಲರನ್ನೂ ತಬ್ಬಿಬ್ಬುಗೊಳಿಸಿತು: ಸಾವಿರ ಜೀವಂತ ಜನನಕ್ಕೆ ನವಜಾತ ಶಿಶುಗಳ ಸಾವು ಎಂದಿನ ಆರೈಕೆಯಲ್ಲಿ 23.9 ಇದ್ದರೆ, ಔಷಧವನ್ನು ಬಳಕೆಗೆ ತಂದ ಕಡೆ 27.4. ತಾಯಂದಿರ ಸೋಂಕೂ ಹೆಚ್ಚಿತ್ತು. ಗರ್ಭದ ವಾರಗಳನ್ನು ಖಚಿತವಾಗಿ ತಿಳಿಯದೆ ದಿನ ತುಂಬಿದ ಗರ್ಭಿಣಿಯರಿಗೂ ಸೂಜಿ ಬಿದ್ದದ್ದು ಕಾರಣವಿರಬಹುದು ಎಂದು ಹಲವರು ಊಹಿಸಿದರು. ಸ್ಕ್ಯಾನಿಂಗ್‌ನಿಂದ ವಾರ ಗೊತ್ತುಮಾಡಿ, ನವಜಾತ ಶಿಶುಗಳ ಆರೈಕೆಯಿರುವ ಆಸ್ಪತ್ರೆಗಳಲ್ಲೇ ಐದು ದೇಶಗಳಲ್ಲಿ ಮತ್ತೆ ಪರೀಕ್ಷಿಸಿದಾಗ, 2020ರಲ್ಲಿ ಫಲಿತಾಂಶ ತಿರುಗಿತು: ಶಿಶುಮರಣ ಹುಸಿಮದ್ದಿನ ಗುಂಪಿನಲ್ಲಿ ಶೇ 23.5, ಔಷಧದ ಗುಂಪಿನಲ್ಲಿ ಶೇ 19.6.

ಆಕ್ಸಿಟೋಸಿನ್ ಕಥೆ ಔಷಧಶಾಸ್ತ್ರಕ್ಕಿಂತ ಕಾನೂನಿನದು. ರಕ್ತಸ್ರಾವ ತಡೆಯಲು ಇಂದಿಗೂ ಮೊದಲ ಆಯ್ಕೆ ಇದೇ; ಆದರೆ ಇದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿಡಬೇಕು, ಇಲ್ಲವಾದರೆ ಸತ್ವ ಕುಂದುತ್ತದೆ. ಹಾಲು ಕರೆಯಲು ಎಮ್ಮೆ, ಆಕಳಿಗೆ ಚುಚ್ಚುತ್ತಾರೆಂಬ ಕಾರಣ ಕೊಟ್ಟು ಕೇಂದ್ರ ಸರ್ಕಾರ 2018ರಲ್ಲಿ ಖಾಸಗಿ ತಯಾರಿಕೆ ನಿಲ್ಲಿಸಿ, ದೇಶಕ್ಕೆಲ್ಲ ಪೂರೈಸುವ ಹೊಣೆಯನ್ನು ಬೆಂಗಳೂರಿನ ಸಾರ್ವಜನಿಕ ಉದ್ಯಮ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಒಂದಕ್ಕೇ ವಹಿಸಲು ಹೊರಟಿತು. ತಾಯಂದಿರಿಗೆ ಕೊರತೆಯಾದೀತು ಎಂಬ ವಾದವನ್ನು ಒಪ್ಪಿದ ದೆಹಲಿ ಹೈಕೋರ್ಟ್ ಡಿಸೆಂಬರ್‌ನಲ್ಲಿ ಆದೇಶವನ್ನು ರದ್ದುಮಾಡಿತು. 2019ರಲ್ಲಿ ಸುಪ್ರೀಂ ಕೋರ್ಟ್ ವಿಷಯವನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು.

2023ರಲ್ಲಿ ಬೆಳಗಾವಿಯೂ ಸೇರಿದ ಏಳು ದೇಶಗಳ ಪರೀಕ್ಷೆಯಲ್ಲಿ, ಸಹಜ ಹೆರಿಗೆಯ ಹೊತ್ತಿಗೆ 2 ಗ್ರಾಂ ಅಜಿತ್ರೊಮೈಸಿನ್ ನುಂಗಿಸಿದಾಗ ತಾಯಂದಿರ ನಂಜು ಅಥವಾ ಸಾವು ಶೇ 2.4ರಿಂದ ಶೇ 1.6ಕ್ಕೆ ಇಳಿದದ್ದು ಕಂಡುಬಂತು. ಶಿಶುಗಳಿಗೆ ಲಾಭ ಕಾಣಲಿಲ್ಲ, ಮತ್ತು ಎಲ್ಲ ತಾಯಂದಿರಿಗೂ ಕೊಟ್ಟರೆ ಔಷಧಕ್ಕೆ ಬಗ್ಗದ ರೋಗಾಣು ಹೆಚ್ಚಬಹುದೆಂಬ ಆತಂಕ ಉಳಿದಿದೆ.

ರಾಜ್ಯದ ಈಚಿನ ವಿವಾದ ಮಾತ್ರೆಯದ್ದೋ ಸೂಜಿಮದ್ದಿನದ್ದೋ ಅಲ್ಲ, ರಕ್ತನಾಳಕ್ಕೆ ಏರಿಸುವ ದ್ರಾವಣದ್ದು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಪಶ್ಚಿಮ ಬಂಗಾಳದ ಕಂಪನಿಯೊಂದರ ರಿಂಗರ್ಸ್ ಲ್ಯಾಕ್ಟೇಟ್ ಮೇಲೆ ಸಂಶಯ ಬಂತು. ರಾಜ್ಯ ಔಷಧ ನಿಯಂತ್ರಕರು ಅಮಾನತಾದರು. ಅದೇ ಕಂಪನಿಯ ಹಲವು ಬ್ಯಾಚ್‌ಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಕಳಪೆ ಎಂದಿತ್ತು. ಕಂಪನಿ ಅದನ್ನು ಪ್ರಶ್ನಿಸಿದಾಗ ಅವುಗಳಲ್ಲಿ ಕೆಲವನ್ನು ಕೇಂದ್ರ ಪ್ರಯೋಗಾಲಯ ಸರಿಯಿದೆ ಎಂದಿತು. 1940ರ ಔಷಧ ಕಾಯ್ದೆಯ ಪ್ರಕಾರ ಇಂಥ ತಕರಾರಿನಲ್ಲಿ ಕೇಂದ್ರ ಪ್ರಯೋಗಾಲಯದ ವರದಿಯೇ ಅಂತಿಮ.